ಪಾಯದ ನಕ್ಷೆಯ ಒಂದು ಅಂಕಿ: ವೆಕ್ಟರ್ ನಕ್ಷೆಗಳನ್ನು ಕುಗ್ಗಿಸಿದ ಚಿತ್ರಗಳಾಗಿ ಕಳಿಸಿದ ಒಂದು ಪ್ರಕರಣ

ಶಿವಮೊಗ್ಗ ನಗರದ ಒಂದು ಸಣ್ಣ ಕಟ್ಟಡ ವಿನ್ಯಾಸ ಕಚೇರಿಯು ತನ್ನ ನಕ್ಷೆಗಳನ್ನು ಕೆಲಸದ ಜಾಗಕ್ಕೆ ಫೋನಿನ ಮೂಲಕ ಚಿತ್ರಗಳಾಗಿ ಕಳಿಸಲು ಆರಂಭಿಸಿದಾಗ ಎದುರಾದ ತೊಂದರೆಯನ್ನೂ ಅದನ್ನು ಪರಿಹರಿಸಿಕೊಂಡ ಬಗೆಯನ್ನೂ ಇಲ್ಲಿ ದಾಖಲಿಸಿದ್ದೇನೆ. ಪರಿವರ್ತನೆಯ ವಿಧಾನವನ್ನು ಪರಿಶೀಲಿಸಿಕೊಡುವಂತೆ ಕಚೇರಿಯವರು ಕೇಳಿಕೊಂಡಿದ್ದರಿಂದ ಅವರ ಕಡತಗಳನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ ಸಿಕ್ಕಿತು. ಅವರ ಒಪ್ಪಿಗೆಯಿಂದಲೇ ಬರೆಯುತ್ತಿದ್ದರೂ ಹೆಸರು, ಹಳ್ಳಿ, ಮಾಲೀಕರ ವಿವರ ಯಾವುದನ್ನೂ ಕೊಟ್ಟಿಲ್ಲ. ನಕ್ಷೆಯನ್ನು ಚಿತ್ರವಾಗಿ ಬದಲಿಸುವ ಕೆಲಸ ಈಗ ಬಹುತೇಕ ಎಲ್ಲ ಕಚೇರಿಗಳಲ್ಲೂ ದಿನನಿತ್ಯ ನಡೆಯುತ್ತಿದ್ದು, ಅದನ್ನು ಗುಂಡಿ ಒತ್ತಿದರೆ ಮುಗಿಯುವ ಕೆಲಸವೆಂದೇ ಹೆಚ್ಚಿನವರು ತಿಳಿದಿದ್ದಾರೆ. ಆ ಗುಂಡಿಯ ಹಿಂದೆ ಹಲವು ತೀರ್ಮಾನಗಳು ಅಡಗಿವೆ ಎಂಬುದು ಈ ಪ್ರಕರಣದಲ್ಲಿ ಎದ್ದು ಕಂಡಿತು.

ಹಿನ್ನೆಲೆ

ಕಚೇರಿಯ ಕೆಲಸ ಬಹುಪಾಲು ಮಲೆನಾಡಿನ ಒಳಭಾಗದ್ದು. ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳ ಹಳ್ಳಿಗಳಲ್ಲಿ ಹೆಂಚಿನ ಮಾಡಿನ ಮನೆಗಳು, ಅಡಿಕೆ ಸುಲಿದು ಬೇಯಿಸುವ ಶೆಡ್ಡುಗಳು, ಒಣಗಿಸುವ ಅಂಗಳಕ್ಕೆ ಮೇಲ್ಚಾವಣಿ, ಮನೆಯ ಹಿಂದಿನ ಧರೆಗೆ ತಡೆಗೋಡೆ ಇಂಥವುಗಳ ನಕ್ಷೆಗಳನ್ನು ಅದು ತಯಾರಿಸುತ್ತದೆ. ಮೊದಲೆಲ್ಲ ಎ1 ಅಳತೆಯ, ಅಂದರೆ 594 ಮಿ.ಮೀ. ಅಗಲ 841 ಮಿ.ಮೀ. ಉದ್ದದ ಹಾಳೆಗಳಲ್ಲಿ ಮುದ್ರಿಸಿ, ಸುರುಳಿ ಸುತ್ತಿ, ಬಸ್ಸಿನಲ್ಲಿ ಕಳಿಸುವ ರೂಢಿಯಿತ್ತು. ಆದರೆ ನಕ್ಷೆ ಒಂದೇ ಸಲಕ್ಕೆ ಅಂತಿಮವಾಗುವುದಿಲ್ಲ. ಮಾಲೀಕರು ಅಡುಗೆಮನೆಯನ್ನು ಒಂದು ಅಂಕಣ ಮುಂದಕ್ಕೆ ತರಬೇಕೆನ್ನುತ್ತಾರೆ, ಪಾಯ ಅಗೆದಾಗ ಒಂದು ಮೂಲೆಯಲ್ಲಿ ಬಂಡೆ ಸಿಗುತ್ತದೆ, ತಿದ್ದಿದ ನಕ್ಷೆ ಮರುದಿನ ಬೆಳಿಗ್ಗೆಯೇ ಬೇಕಾಗುತ್ತದೆ. ಜೂನ್ ತಿಂಗಳಿಂದ ನಾಲ್ಕು ತಿಂಗಳು ಸುರಿಯುವ ಮಳೆಯಲ್ಲಿ ಕಾಗದ ಒಂದು ವಾರವೂ ತಾಳುವುದಿಲ್ಲ. ಹೀಗಾಗಿ ಮೇಲ್ವಿಚಾರಕರ ಮತ್ತು ಮೇಸ್ತ್ರಿಗಳ ಫೋನಿಗೆ ನಕ್ಷೆಯ ಚಿತ್ರವನ್ನು ಕಳಿಸುವ ಕ್ರಮ ಬಂದಿತು.

ಆಟೋಕ್ಯಾಡ್ ಎಂಬ ನಕ್ಷೆ ಬರೆಯುವ ತಂತ್ರಾಂಶದಲ್ಲಿ ಬರೆದ ನಕ್ಷೆ ವೆಕ್ಟರ್ ಸ್ವರೂಪದ್ದು. ಗೋಡೆಯ ಗೆರೆಯನ್ನು ಅದು ಎರಡು ತುದಿಗಳ ನಿರ್ದೇಶಾಂಕಗಳಾಗಿ, ಕಮಾನನ್ನು ಕೇಂದ್ರ, ತ್ರಿಜ್ಯ ಮತ್ತು ಕೋನಗಳಾಗಿ ಇಟ್ಟುಕೊಳ್ಳುವುದರಿಂದ ಎಷ್ಟು ಹಿಗ್ಗಿಸಿದರೂ ಗೆರೆ ಮಸುಕಾಗದು. ಅದನ್ನು ರಾಸ್ಟರ್ ಚಿತ್ರವಾಗಿ ಬದಲಿಸಿದ ಮೇಲೆ ಉಳಿಯುವುದು ಪಿಕ್ಸೆಲ್ ಎಂಬ ಚುಕ್ಕೆಗಳ ಜಾಲ. ಅಲ್ಲಿ ಗೆರೆಯೂ ಅಂಕಿಯೂ ಬೇರೆ ಬೇರೆ ವಸ್ತುಗಳಾಗಿ ಉಳಿಯುವುದಿಲ್ಲ. ಕಪ್ಪಾದ ಚುಕ್ಕೆಗಳು ಸಾಕಷ್ಟಿದ್ದರೆ ನಮ್ಮ ಕಣ್ಣು ಅವುಗಳಲ್ಲಿ ಅಂಕಿಯನ್ನು ಕಂಡುಕೊಳ್ಳುತ್ತದೆ, ಸಾಲದಿದ್ದರೆ ಊಹಿಸಿಕೊಳ್ಳುತ್ತದೆ.

ಪಿಡಿಎಫ್ ಏಕೆ ಕಳಿಸಲಿಲ್ಲ ಎಂಬ ಪ್ರಶ್ನೆ ಸಹಜ. ಪಿಡಿಎಫ್‌ನಲ್ಲಿ ವೆಕ್ಟರ್ ಗೆರೆಗಳು ಹಾಗೆಯೇ ಉಳಿಯುವುದರಿಂದ, ಅದು ತೆರೆಯುವ ಕಡೆಯಲ್ಲೆಲ್ಲ ಅದನ್ನೇ ಕಳಿಸಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಕಚೇರಿಯೂ ಅದನ್ನೇ ಮೊದಲು ಮಾಡಿತ್ತು. ಆದರೆ ಹೆಂಚಿನ ಮಾಡಿಗೂ ಜಂಬಿಟ್ಟಿಗೆಯ ಗೋಡೆಗೂ ಒತ್ತೊತ್ತಾಗಿ ತುಂಬಿದ ಹ್ಯಾಚ್ ಗೆರೆಗಳು ಸಾವಿರಗಟ್ಟಲೆ ಇದ್ದುದರಿಂದ, ಮೇಸ್ತ್ರಿಗಳ ಕೈಯಲ್ಲಿದ್ದ ಕಡಿಮೆ ಬೆಲೆಯ ಫೋನುಗಳು ಪ್ರತಿ ಸಲ ಸರಿಸಿದಾಗಲೂ ಪುಟವನ್ನು ಮೊದಲಿನಿಂದ ಬಿಡಿಸುತ್ತ ತಡವರಿಸುತ್ತಿದ್ದವು. ಚಿತ್ರವಾದರೆ ಗ್ಯಾಲರಿಯಲ್ಲಿ ತಟ್ಟನೆ ತೆರೆಯುತ್ತದೆ, ಎರಡು ಬೆರಳಿನಲ್ಲಿ ಹಿಗ್ಗಿಸುವುದು ಎಲ್ಲರಿಗೂ ಗೊತ್ತು. ಕೆಲಸದ ಜಾಗದಿಂದಲೇ ಬಂದ ಬೇಡಿಕೆಯಾದ್ದರಿಂದ ಅದನ್ನು ತಳ್ಳಿಹಾಕುವಂತಿರಲಿಲ್ಲ.

ಅಳತೆ ತಪ್ಪಿದ ಬಗೆ

ಹೊಸನಗರ ತಾಲ್ಲೂಕಿನ ಒಂದು ಮನೆ. ಮಳೆ ಹಿಡಿಯುವ ಮೊದಲು ಪಾಯ ಮುಗಿಸಬೇಕೆಂಬ ಅವಸರ ಎಲ್ಲರಿಗೂ ಇತ್ತು. ಮುಂಭಾಗದ ಸಾಲಿನಲ್ಲಿ ನಾಲ್ಕು ಕಂಬಗಳು, ಅವುಗಳ ನಡುವೆ ಕ್ರಮವಾಗಿ 3350, 2900, 3350 ಮಿ.ಮೀ. ಅಂತರ, ಒಟ್ಟು 9600. ಮೇಸ್ತ್ರಿಯವರು ಫೋನಿನಲ್ಲಿ ಚಿತ್ರವನ್ನು ಹಿಗ್ಗಿಸಿ ಮೊದಲ ಅಂತರವನ್ನು 3850 ಎಂದು ಓದಿ, ಟೇಪು ಹಿಡಿದು, ಸುಣ್ಣದ ಗುರುತು ಹಾಕಿಸಿದರು. ಎರಡು ಗುಂಡಿಗಳ ಅಗೆತ ಮುಗಿಯಿತು. ಕೊನೆಯ ಕಂಬದ ಜಾಗ ಗುರುತಿಸುವ ಹೊತ್ತಿಗೆ ಒಟ್ಟು ಉದ್ದ 10100 ಆಯಿತು. ಮಿ.ಮೀ. ಲೆಕ್ಕದಲ್ಲಿ ಅದು ಅವರಿಗೆ ತಪ್ಪೆನಿಸದೆ ಹೋಗಬಹುದಿತ್ತು. ಆದರೆ ಈ ಮನೆಯ ಮುಂಭಾಗ ಮೂವತ್ತೊಂದೂವರೆ ಅಡಿ ಎಂದು ಮಾಲೀಕರೊಡನೆ ಮೊದಲೇ ಮಾತಾಗಿತ್ತು, ಟೇಪಿನ ಇನ್ನೊಂದು ಅಂಚು ಮೂವತ್ತಮೂರು ಅಡಿ ದಾಟಿದ್ದನ್ನು ತೋರಿಸುತ್ತಿತ್ತು. ಅವರು ಕೆಲಸ ನಿಲ್ಲಿಸಿ ಕಚೇರಿಗೆ ಫೋನ್ ಮಾಡಿ, "ಸಾರ್, ಇದು ಮೂರೋ ಎಂಟೋ ನೀವೇ ಹೇಳಿ, ಹನ್ನೊಂದು ಅಡಿ ಅಂತಲ್ವಾ ನಾವು ಮಾತಾಡಿದ್ದು?" ಎಂದು ಕೇಳಿದರು.

ನಷ್ಟ ದೊಡ್ಡದಾಗಲಿಲ್ಲ. ಕಾಂಕ್ರೀಟು ಬಿದ್ದಿರಲಿಲ್ಲವಾದ್ದರಿಂದ ಗುಂಡಿಗಳನ್ನು ಒಂದು ಬದಿಗೆ ಅಗಲಿಸಿ, ಇನ್ನೊಂದು ಬದಿಗೆ ಮಣ್ಣು ತುಂಬಿ ಗಟ್ಟಿಯಾಗಿ ಬಡಿಯುವುದರಲ್ಲಿ ವಿಷಯ ಮುಗಿಯಿತು. ಆದರೆ ಬಿಡಿ ಅಳತೆಗಳನ್ನು ಕೂಡಿಸಿ ಒಟ್ಟಿಗೆ ತಾಳೆ ನೋಡುವ ಹಳೆಯ ಅಭ್ಯಾಸ ಆ ಮೇಸ್ತ್ರಿಯವರಿಗೆ ಇಲ್ಲದೆ ಹೋಗಿದ್ದರೆ ತಪ್ಪು ಕಂಬದ ಕಬ್ಬಿಣ ನಿಲ್ಲಿಸುವವರೆಗೂ ಮುಂದುವರಿಯುತ್ತಿತ್ತು. ಕಂಬದ ರಿಂಗುಗಳ ಅಂತರದಂತಹ ಅಳತೆ ತಪ್ಪಿದ್ದರೆ ತಾಳೆ ನೋಡಲು ಒಟ್ಟು ಅಳತೆಯೇ ಇರುವುದಿಲ್ಲ.

ಕಚೇರಿಯಲ್ಲಿ ಮೊದಲು ಕೇಳಿಬಂದ ಮಾತು, ಚಿತ್ರವನ್ನು ಸರಿಯಾಗಿ ಹಿಗ್ಗಿಸಿ ನೋಡಬೇಕಿತ್ತು ಎಂಬುದು. ಫೋನಿಗೆ ತಲುಪಿದ್ದ ಪ್ರತಿಯನ್ನು ತರಿಸಿ ನೋಡಿದಾಗ ಆ ಮಾತು ನಿಲ್ಲಲಿಲ್ಲ. ಕರಡುಗಾರರು ತಮ್ಮ ಪರದೆಯ ಮೇಲೆ ಕಾಣುತ್ತಿದ್ದುದನ್ನು ನೇರವಾಗಿ ಜೆಪಿಇಜಿ ಚಿತ್ರವಾಗಿ ಉಳಿಸುತ್ತಿದ್ದರು. ಆ ವಿಧಾನದಲ್ಲಿ ಸಿಗುವ ವಿವರ ಪರದೆಯಲ್ಲಿ ಇರುವಷ್ಟೇ. ಅದನ್ನು ಫೋಟೊ ಎಂದು ಲಗತ್ತಿಸಿ ಕಳಿಸಿದಾಗ ಸಂದೇಶದ ಆ್ಯಪ್ ಇನ್ನೊಮ್ಮೆ ಕಿರಿದು ಮಾಡಿ, ಇನ್ನೊಮ್ಮೆ ಕುಗ್ಗಿಸಿತ್ತು. ಕೊನೆಗೆ ತಲುಪಿದ ಚಿತ್ರದ ಉದ್ದ 1600 ಪಿಕ್ಸೆಲ್. 841 ಮಿ.ಮೀ. ಉದ್ದದ ಹಾಳೆ 1600 ಪಿಕ್ಸೆಲ್‌ಗಳಲ್ಲಿ ಹಿಡಿಸಬೇಕಾದರೆ ಒಂದು ಮಿ.ಮೀ.ಗೆ ಎರಡು ಪಿಕ್ಸೆಲ್ ಕೂಡ ದಕ್ಕುವುದಿಲ್ಲ. ಅಳತೆಯ ಅಂಕಿಗಳನ್ನು ಹಾಳೆಯ ಮೇಲೆ 2.5 ಮಿ.ಮೀ. ಎತ್ತರಕ್ಕೆ ಬರೆದಿದ್ದರು, ಆದ್ದರಿಂದ ಪ್ರತಿ ಅಂಕಿಗೂ ಸಿಕ್ಕ ಎತ್ತರ ಐದು ಪಿಕ್ಸೆಲ್‌ಗಿಂತ ಕಡಿಮೆ. ಮೂರಕ್ಕೂ ಎಂಟಕ್ಕೂ ಇರುವ ವ್ಯತ್ಯಾಸ ಎಡಬದಿಯ ಎರಡು ಸಂದುಗಳು. ಐದು ಪಿಕ್ಸೆಲ್ ಎತ್ತರದ ಅಂಕಿಯಲ್ಲಿ ಆ ಸಂದು ಒಂದು ಪಿಕ್ಸೆಲ್ ಆಗಿ ಉಳಿದರೆ ಅದೇ ಹೆಚ್ಚು. ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಅದೇ ಸಾಲಿನ ಮೂರನೆಯ ಅಂತರವೂ 3350 ಆಗಿದ್ದು, ಅದು ಸರಿಯಾಗಿಯೇ ಓದಿಸಿಕೊಂಡಿತ್ತು. ಪಿಕ್ಸೆಲ್‌ಗಳ ಚೌಕಗಳ ಮೇಲೆ ಎರಡು ಸಂಖ್ಯೆಗಳು ಬೇರೆ ಬೇರೆ ಕಡೆ ಕೂತಿದ್ದರಿಂದ ಒಂದೇ ಸಂಖ್ಯೆ ಎರಡು ಬಗೆಯಾಗಿ ಕಂಡಿತ್ತು. ಇಲ್ಲದ ವಿವರವನ್ನು ಯಾವ ಹಿಗ್ಗಿಸುವಿಕೆಯೂ ತಂದುಕೊಡಲಾರದು.

ಜೆಪಿಇಜಿಯ ಸ್ವಭಾವವೂ ಇಲ್ಲಿ ಸೇರಿಕೊಂಡಿತ್ತು. 1992ರಲ್ಲಿ ಮಾನಕವಾಗಿ ರೂಪುಗೊಂಡ ಈ ವಿಧಾನವನ್ನು ಛಾಯಾಚಿತ್ರಗಳಿಗಾಗಿ ಮಾಡಿದ್ದು. ಅದು ಚಿತ್ರವನ್ನು 8 ಪಿಕ್ಸೆಲ್ ಉದ್ದ, 8 ಪಿಕ್ಸೆಲ್ ಅಗಲದ ಚೌಕಗಳಾಗಿ ಒಡೆದು, ಪ್ರತಿ ಚೌಕದಲ್ಲಿ ಬೆಳಕು ನಿಧಾನವಾಗಿ ಏರಿಳಿಯುವ ಅಂಶಗಳನ್ನು ಉಳಿಸಿಕೊಂಡು, ಥಟ್ಟನೆ ಬದಲಾಗುವ ಅಂಶಗಳನ್ನು ಒರಟಾಗಿಸಿ ಜಾಗ ಉಳಿಸುತ್ತದೆ. ಮುಖದಲ್ಲೋ ಆಕಾಶದಲ್ಲೋ ಈ ನಷ್ಟ ಕಣ್ಣಿಗೆ ಬೀಳುವುದಿಲ್ಲ. ನಕ್ಷೆಯಲ್ಲಾದರೋ ಇರುವುದೆಲ್ಲ ಥಟ್ಟನೆ ಬದಲಾಗುವ ಅಂಚುಗಳೇ. ಐದು ಪಿಕ್ಸೆಲ್ ಎತ್ತರದ ಅಂಕಿ, ಅದರ ಕೆಳಗಿನ ಅಳತೆಯ ಗೆರೆ, ಪಕ್ಕದ ಬಾಣದ ತುದಿ ಎಲ್ಲವೂ ಒಂದೇ ಚೌಕದೊಳಗೆ ಬಿದ್ದಾಗ ಒಂದರ ಮಸುಕು ಇನ್ನೊಂದರ ಮೇಲೆ ಹರಡಿ, ಮೂರರ ಎಡಗಡೆಯ ಸಂದು ಬೂದು ಬಣ್ಣದಿಂದ ತುಂಬಿಹೋಗಿತ್ತು.

ಮೊದಲ ಯತ್ನಗಳು

ಕಚೇರಿಯವರು ಮೊದಲು ಜೆಪಿಇಜಿಯ ಗುಣಮಟ್ಟದ ಅಂಕವನ್ನು 100ಕ್ಕೆ ಏರಿಸಿದರು. ಕಡತ ದೊಡ್ಡದಾಯಿತು, ಓದು ಸುಧಾರಿಸಲಿಲ್ಲ. ಪಿಕ್ಸೆಲ್‌ಗಳ ಸಂಖ್ಯೆ ಅಷ್ಟೇ ಇದ್ದುದರಿಂದ, ಮೇಲಾಗಿ ಆ್ಯಪ್ ದಾರಿಯಲ್ಲಿ ಮತ್ತೆ ಕುಗ್ಗಿಸುತ್ತಿದ್ದುದರಿಂದ, ಬೇರೆ ಫಲಿತಾಂಶ ಸಾಧ್ಯವಿರಲಿಲ್ಲ.

ಎರಡನೆಯ ಯತ್ನ ಇದಕ್ಕೆ ವಿರುದ್ಧ ತುದಿಯದು. ನಕ್ಷೆಯನ್ನು ಪಿಡಿಎಫ್ ಮಾಡಿ, ಅದನ್ನು ಇಂಚಿಗೆ 300 ಚುಕ್ಕೆಯ ಸಾಂದ್ರತೆಯಲ್ಲಿ ಬಣ್ಣದ ಜೆಪಿಇಜಿ ಆಗಿ ಬದಲಿಸಿ, ಫೋಟೊ ಎನ್ನುವ ಬದಲು ಡಾಕ್ಯುಮೆಂಟ್ ಎಂದು ಲಗತ್ತಿಸಿ ಕಳಿಸಿದರು. ಡಾಕ್ಯುಮೆಂಟ್ ಆಗಿ ಹೋದ ಕಡತವನ್ನು ಆ್ಯಪ್ ಮುಟ್ಟುವುದಿಲ್ಲ, ಆ ಮಟ್ಟಿಗೆ ಇದು ಸರಿಯಾದ ಹೆಜ್ಜೆ. ಆದರೆ ಎ1 ಹಾಳೆಯನ್ನು ಈ ಸಾಂದ್ರತೆಯಲ್ಲಿ ಬಿಡಿಸಿದರೆ 9933 ಗುಣಿಸು 7016, ಅಂದರೆ ಸುಮಾರು 7 ಕೋಟಿ ಪಿಕ್ಸೆಲ್‌ಗಳಾಗುತ್ತವೆ. ಕಡತ ಎಷ್ಟೇ ಕುಗ್ಗಿದ್ದರೂ, ತೆರೆದಾಗ ಫೋನು ಪ್ರತಿ ಪಿಕ್ಸೆಲ್‌ಗೆ ಕನಿಷ್ಠ ಮೂರು ಬೈಟುಗಳಂತೆ ಸುಮಾರು 200 ಎಂಬಿ ನೆನಪಿನ ಜಾಗ ಕೊಡಬೇಕು. ಕೆಲವು ಫೋನುಗಳು ಚಿತ್ರವನ್ನು ತೆರೆಯಲೇ ಇಲ್ಲ. ಇನ್ನು ಕೆಲವು ತಾವೇ ಕಿರಿದು ಮಾಡಿ ತೋರಿಸಿ, ಹಿಗ್ಗಿಸಿದಾಗ ಹಳೆಯ ಮಸುಕನ್ನೇ ಮುಂದಿಟ್ಟವು. ಗುಡ್ಡದ ನೆತ್ತಿಗೆ ಹೋದರಷ್ಟೇ ಸಿಗ್ನಲ್ ಸಿಗುವ ಊರುಗಳಲ್ಲಿ ಅಷ್ಟು ದೊಡ್ಡ ಕಡತ ಇಳಿಯುವುದೇ ಕಷ್ಟವಾಗಿತ್ತು.

ಮೂರನೆಯದಾಗಿ ನನ್ನ ಸಲಹೆಯ ಮೇರೆಗೆ ಬಣ್ಣವನ್ನು ಪೂರ್ತಿ ಬಿಟ್ಟು, ಪ್ರತಿ ಪಿಕ್ಸೆಲ್‌ಗೆ ಒಂದೇ ಬಿಟ್ ಇರುವ ಕಪ್ಪು-ಬಿಳಿ ಟಿಫ್ ಕಡತವನ್ನು ಗ್ರೂಪ್ 4 ಸಂಕುಚನದಲ್ಲಿ ಮಾಡಿ ನೋಡಿದೆವು. 1984ರಲ್ಲಿ ಫ್ಯಾಕ್ಸ್ ಯಂತ್ರಗಳಿಗಾಗಿ ರೂಪುಗೊಂಡ ಈ ವಿಧಾನ ಪ್ರತಿ ಸಾಲನ್ನೂ ಅದರ ಮೇಲಿನ ಸಾಲಿನೊಡನೆ ಹೋಲಿಸಿ ವ್ಯತ್ಯಾಸವನ್ನಷ್ಟೇ ಬರೆದಿಡುತ್ತದೆ. ನಕ್ಷೆಯ ಹಾಳೆಯಲ್ಲಿ ಹೆಚ್ಚಿನ ಭಾಗ ಖಾಲಿ, ಗೋಡೆಯ ಗೆರೆಗಳು ನೇರ. ಹೀಗಾಗಿ ಕುಗ್ಗುವಿಕೆ ಅಪಾರ, ಒಂದೇ ಒಂದು ಚುಕ್ಕೆಯೂ ಬದಲಾಗುವುದಿಲ್ಲ. ಅದೇ 7 ಕೋಟಿ ಪಿಕ್ಸೆಲ್‌ಗಳ ಹಾಳೆ ಕೆಲವು ನೂರು ಕೆಬಿಯಲ್ಲಿ ಕೂತಿತು. ಹೆಚ್ಚು ಪಿಕ್ಸೆಲ್ ಇರುವ ಕಡತ ಕಡಿಮೆ ಪಿಕ್ಸೆಲ್‌ನ ಮಸುಕು ಜೆಪಿಇಜಿಗಿಂತಲೂ ಚಿಕ್ಕದಾಗಿದ್ದನ್ನು ಕಂಡು ಕರಡುಗಾರರು ಕಡತ ಪೂರ್ತಿ ಉಳಿದಿಲ್ಲವೆಂದೇ ಭಾವಿಸಿ ಎರಡು ಸಲ ತೆರೆದು ನೋಡಿದರು.

ಆದರೂ ಇದು ಫೋನಿಗೆ ಒದಗಲಿಲ್ಲ, ಏಕೆಂದರೆ ಬಹುತೇಕ ಫೋನುಗಳ ಗ್ಯಾಲರಿ ಟಿಫ್ ಕಡತವನ್ನು ತೆರೆಯುವುದಿಲ್ಲ. ಇನ್ನೊಂದು ತೊಡಕೂ ಕಂಡುಬಂತು. ನಕ್ಷೆಯಲ್ಲಿ ಪದರಗಳನ್ನು, ಅಂದರೆ ಕಿಟಕಿಯಂಥ ಒಂದೊಂದು ಬಗೆಯ ಭಾಗಗಳ ಗುಂಪುಗಳನ್ನು, ಗುರುತಿಸಲು ಹಳದಿ, ಹಸಿರು, ತಿಳಿನೀಲಿ ಬಣ್ಣಗಳನ್ನು ಬಳಸಿದ್ದರು. ಬಣ್ಣವನ್ನು ಬೂದುಮಟ್ಟಕ್ಕೆ ಇಳಿಸುವ ರೂಢಿಯ ಸೂತ್ರದಲ್ಲಿ ಕೆಂಪಿಗೆ 0.299, ಹಸಿರಿಗೆ 0.587, ನೀಲಿಗೆ 0.114 ತೂಕವಿದೆ. ಅಚ್ಚ ಹಳದಿಯಲ್ಲಿ ಕೆಂಪೂ ಹಸಿರೂ ತುಂಬಿರುವುದರಿಂದ ಬಿಳಿಗೆ 255 ಎಂದಿರುವ ಲೆಕ್ಕದಲ್ಲಿ ಅದಕ್ಕೆ 226 ಬರುತ್ತದೆ, ಅದು ಬಿಳಿಯ ಪಕ್ಕದ್ದೇ. ನಡುಮಟ್ಟದಲ್ಲಿ ಗಡಿ ಹಾಕಿ ಕಪ್ಪು-ಬಿಳಿ ಮಾಡಿದ ಕೂಡಲೇ ಹಳದಿ ಪದರದಲ್ಲಿದ್ದ ಕಿಟಕಿಗಳೆಲ್ಲ ಮಾಯವಾದವು. ಇದಕ್ಕೆ ಪರಿಹಾರ ಚಿತ್ರದ ಹಂತದಲ್ಲಿ ಇಲ್ಲ. ಪಿಡಿಎಫ್ ಮಾಡುವಾಗಲೇ ಆಟೋಕ್ಯಾಡ್‌ನ ಮಾನೋಕ್ರೋಮ್ ಮುದ್ರಣ ಶೈಲಿಯನ್ನು ಆರಿಸಿ, ಎಲ್ಲ ಬಣ್ಣಗಳೂ ಕಪ್ಪಾಗಿಯೇ ಹೊರಬರುವಂತೆ ಮಾಡಬೇಕು.

ಹಾಳೆಯನ್ನು ಒಡೆದ ತೀರ್ಮಾನ

ದಿಕ್ಕು ಬದಲಾದದ್ದು ಒಬ್ಬ ಮೇಲ್ವಿಚಾರಕರ ಮಾತಿನಿಂದ. ಹೊಸ ವಿಧಾನಗಳನ್ನು ಅವರ ಫೋನಿನಲ್ಲಿ ಪರೀಕ್ಷಿಸುತ್ತಿದ್ದಾಗ ಅವರು, "ಪೂರ್ತಿ ಹಾಳೆ ಯಾರಿಗೆ ಬೇಕು ಸಾರ್? ಇವತ್ತು ಪಾಯ, ಮುಂದಿನ ವಾರ ಕಂಬ. ನಮಗೆ ಆಯಾ ಕೆಲಸದ್ದು ಸಿಕ್ಕರೆ ಸಾಕು" ಎಂದರು. ಅಲ್ಲಿಯವರೆಗೆ ಕಚೇರಿಯವರೂ ನಾನೂ ಎ1 ಹಾಳೆಯನ್ನು ಹೇಗೆ ಕುಗ್ಗಿಸುವುದೆಂದೇ ಯೋಚಿಸುತ್ತಿದ್ದೆವು. ಆ ಹಾಳೆಯ ಗಾತ್ರ ಮುದ್ರಣ ಯಂತ್ರಕ್ಕೂ ಮೇಜಿಗೂ ಹೊಂದಿದ್ದು, ಅಂಗೈಯಗಲದ ಪರದೆಗೆ ಅದರ ಹಂಗಿಲ್ಲ. ಪಾಯದ ನಕ್ಷೆ, ಕಂಬಗಳ ವಿವರ, ಮಾಡಿನ ಪಕಾಸಿ ಮತ್ತು ರೀಪುಗಳ ವಿವರ, ಬಾಗಿಲು ಕಿಟಕಿಗಳ ಪಟ್ಟಿ, ಇವುಗಳಿಗೆ ಎ1ರ ಕಾಲುಭಾಗದಷ್ಟಿರುವ ಒಂದೊಂದು ಎ3 ಹಾಳೆಯನ್ನು ಆಟೋಕ್ಯಾಡ್‌ನ ಲೇಔಟಿನಲ್ಲೇ ಮಾಡುವುದೆಂದು ತೀರ್ಮಾನಿಸಿದರು. ಮೂಲ ನಕ್ಷೆ ಒಂದೇ, ಅದನ್ನು ನೋಡುವ ಕಿಟಕಿಗಳಷ್ಟೇ ಬೇರೆ. ಮೂಲದಲ್ಲಿ ತಿದ್ದಿದರೆ ಎಲ್ಲ ಹಾಳೆಗಳಲ್ಲೂ ತಿದ್ದುಪಡಿ ಬರುತ್ತದೆ.

ಇಲ್ಲಿಂದ ಮುಂದೆ ಲೆಕ್ಕವನ್ನು ತಲೆಕೆಳಗು ಮಾಡಿದೆವು. ಕಡತ ಇಷ್ಟು ಕೆಬಿ ಇರಬೇಕೆಂದು ಹೊರಡುವ ಬದಲು, ಓದಲೇಬೇಕಾದ ಅತಿ ಚಿಕ್ಕ ಅಕ್ಷರ ಯಾವುದು, ಕಾಣಲೇಬೇಕಾದ ಅತಿ ತೆಳು ಗೆರೆ ಯಾವುದು ಎಂಬುದರಿಂದ ಹೊರಟೆವು. ಅತಿ ಚಿಕ್ಕ ಅಂಕಿ 2.5 ಮಿ.ಮೀ. ಎತ್ತರದ್ದು, ಅತಿ ತೆಳು ಗೆರೆ 0.13 ಮಿ.ಮೀ. ದಪ್ಪದ್ದು. ಇಂಚಿಗೆ 200 ಚುಕ್ಕೆಯ ಸಾಂದ್ರತೆಯಲ್ಲಿ ಒಂದು ಪಿಕ್ಸೆಲ್‌ನ ಅಗಲ 0.127 ಮಿ.ಮೀ. ಆಗುವುದರಿಂದ ತೆಳು ಗೆರೆಗೆ ಒಂದು ಪಿಕ್ಸೆಲ್ ಪೂರ್ತಿಯಾಗಿ ಸಿಗುತ್ತದೆ, ಅಂಕಿಗೆ ಸುಮಾರು 20 ಪಿಕ್ಸೆಲ್ ಎತ್ತರ ಬರುತ್ತದೆ. 150ಕ್ಕೆ ಇಳಿಸಿದರೆ ಪಿಕ್ಸೆಲ್ 0.169 ಮಿ.ಮೀ. ಆಗಿ ತೆಳು ಗೆರೆಗಳು ತುಂಡು ತುಂಡಾಗುವ ಇಲ್ಲವೇ ಬೂದಾಗಿ ಮಾಸುವ ಅಪಾಯವಿದೆ. ಎ3 ಹಾಳೆ 200ರ ಸಾಂದ್ರತೆಯಲ್ಲಿ 3307 ಗುಣಿಸು 2339, ಅಂದರೆ ಸುಮಾರು 77 ಲಕ್ಷ ಪಿಕ್ಸೆಲ್. ಇದು ಸಾಧಾರಣ ಫೋನಿನ ಕ್ಯಾಮೆರಾ ತೆಗೆಯುವ ಫೋಟೊದಷ್ಟೇ ಆದ್ದರಿಂದ ಯಾವ ಗ್ಯಾಲರಿಯೂ ಮುಗ್ಗರಿಸಲಿಲ್ಲ.

ಕಡತದ ಸ್ವರೂಪಕ್ಕೆ ಪಿಎನ್‌ಜಿಯನ್ನು ಆರಿಸಲಾಯಿತು. 1996ರಿಂದ ಬಳಕೆಯಲ್ಲಿರುವ ಇದು ನಷ್ಟವಿಲ್ಲದೆ ಕುಗ್ಗಿಸುತ್ತದೆ, ಎಲ್ಲ ಫೋನುಗಳಲ್ಲೂ ತೆರೆಯುತ್ತದೆ, ಎಷ್ಟು ಬಣ್ಣ ಬೇಕೆಂಬುದನ್ನು ನಾವೇ ನಿರ್ಧರಿಸಬಹುದು. ಪೂರ್ಣ ಬಣ್ಣದಲ್ಲಿ ಪ್ರತಿ ಪಿಕ್ಸೆಲ್‌ಗೆ 24 ಬಿಟ್ ಬೇಕು. ಕಪ್ಪು-ಬಿಳಿಗೆ ಒಂದೇ ಸಾಕಾದರೂ ಓರೆ ಗೆರೆಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತವೆ, ಕನ್ನಡ ಅಕ್ಷರಗಳ ದುಂಡಗಿನ ಅಂಚುಗಳು ಒರಟಾಗುತ್ತವೆ. ನಡುವಿನ ದಾರಿಯಾಗಿ 4 ಬಿಟ್, ಅಂದರೆ 16 ಬೂದುಮಟ್ಟಗಳನ್ನು ಇಟ್ಟುಕೊಂಡೆವು. ಪಿಡಿಎಫ್ ಅನ್ನು ಘೋಸ್ಟ್‌ಸ್ಕ್ರಿಪ್ಟ್ ಎಂಬ ಮುಕ್ತ ತಂತ್ರಾಂಶದಲ್ಲಿ 800ರ ಸಾಂದ್ರತೆಗೆ ಬಿಡಿಸಿ ನಾಲ್ಕನೆಯ ಒಂದಕ್ಕೆ ಇಳಿಸಿದಾಗ ಅಂಚುಗಳು ನಯವಾಗಿ ಬಂದವು. ಆಮೇಲೆ ಬೂದುಮಟ್ಟಗಳನ್ನು 16ಕ್ಕೆ ಇಳಿಸಿದರೂ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಹೆಚ್ಚಿನ ಹಾಳೆಗಳು ಅರ್ಧ ಎಂಬಿಯ ಒಳಗೇ ಉಳಿದವು. ಉಳಿಯದೆ ಹಿಗ್ಗಿದ್ದು ಮಾಡಿನ ನಕ್ಷೆಗಳು ಮಾತ್ರ. ಹೆಂಚು ಹೆಂಚಿಗೂ ಗೆರೆ ಎಳೆದಿದ್ದ ಹ್ಯಾಚ್ ಅಲ್ಲಿ ಕಡತವನ್ನೂ ಉಬ್ಬಿಸಿತ್ತು, ಅಳತೆಗಳನ್ನೂ ಮುಚ್ಚಿತ್ತು. ಮಾಡಿನ ಒಂದು ಮೂಲೆಯಲ್ಲಷ್ಟೇ ಹೆಂಚಿನ ಹ್ಯಾಚ್ ಉಳಿಸಿ ಮಿಕ್ಕದ್ದನ್ನು ಖಾಲಿ ಬಿಟ್ಟಾಗ ಎರಡೂ ಸರಿಹೋದವು. ಒತ್ತು ಹ್ಯಾಚ್‌ನಿಂದ ಮೇಸ್ತ್ರಿಗೆ ಹೊಸ ತಿಳಿವಳಿಕೆಯೇನೂ ಸಿಗುವುದಿಲ್ಲ ಎಂಬುದು ನನ್ನ ಅನಿಸಿಕೆ. ಅದು ಮಾಲೀಕರಿಗೆ ತೋರಿಸುವ ಚಿತ್ರಕ್ಕೆ ಇರಲಿ.

ಕನ್ನಡ ಟಿಪ್ಪಣಿಗಳ ವಿಷಯ

ಇದಕ್ಕೆ ಪ್ರತ್ಯೇಕವಾಗಿ ಗಮನ ಕೊಡಬೇಕಾಯಿತು. ಮೇಸ್ತ್ರಿಗಳ ಅನುಕೂಲಕ್ಕೆಂದು ಕಚೇರಿ "ಈ ಕಂಬದ ಕಬ್ಬಿಣ ಮೇಲಿನ ಅಂತಸ್ತಿಗೆ ಮುಂದುವರಿಯುತ್ತದೆ", "ಇಲ್ಲಿ ನೀರು ಹೊರಹೋಗಲು ಕೊಳವೆ ಬಿಡಿ" ಎಂಬಂಥ ಟಿಪ್ಪಣಿಗಳನ್ನು ಕನ್ನಡದಲ್ಲಿ ಬರೆಯುತ್ತಿತ್ತು, ಇದು ನಿಜವಾಗಿಯೂ ಮೆಚ್ಚಬೇಕಾದ ರೂಢಿ. ಆದರೆ ಹಳೆಯ ನಕ್ಷೆಗಳಲ್ಲಿ ಆ ಟಿಪ್ಪಣಿಗಳು ಯೂನಿಕೋಡ್‌ಗೆ ಮುಂಚಿನ ನುಡಿ ಅಕ್ಷರಶೈಲಿಯಲ್ಲಿದ್ದವು. ಆ ಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ಪಿಡಿಎಫ್ ಮಾಡಿದಾಗ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಮೂಡಿ, ಚಿತ್ರವಾದ ಮೇಲೆ ಅದನ್ನು ತಿದ್ದುವ ದಾರಿಯೇ ಇರುತ್ತಿರಲಿಲ್ಲ. ವೆಕ್ಟರ್ ಕಡತದಲ್ಲಿ ಅಕ್ಷರಶೈಲಿ ಹಾಕಿಕೊಂಡರೆ ಬರಹ ಮರಳಿ ಬರುತ್ತದೆ, ರಾಸ್ಟರ್‌ನಲ್ಲಿ ತಪ್ಪೂ ಶಾಶ್ವತ. ಚಾಲ್ತಿಯಲ್ಲಿದ್ದ ನಕ್ಷೆಗಳ ಟಿಪ್ಪಣಿಗಳನ್ನೆಲ್ಲ ಯೂನಿಕೋಡ್‌ಗೆ ಬದಲಿಸಿ, ಪರಿವರ್ತನೆಯನ್ನು ಒಂದೇ ಕಂಪ್ಯೂಟರಿನಲ್ಲಿ ಮಾಡುವುದೆಂದು ಗೊತ್ತುಮಾಡಿದರು.

ಅಕ್ಷರದ ಎತ್ತರವೂ ಬದಲಾಯಿತು. 2.5 ಮಿ.ಮೀ. ಅಂಕಿಗೆ ಸಾಕು, ಕನ್ನಡಕ್ಕೆ ಸಾಲದು. "ಕಬ್ಬಿಣ", "ಅಂತಸ್ತು", "ಪಟ್ಟಿ" ಎಂಬ ಪದಗಳಲ್ಲಿ ಒತ್ತಕ್ಷರ ಕೆಳಗಿಳಿದು ಮುಖ್ಯ ಅಕ್ಷರದ ಅರ್ಧದಷ್ಟೂ ಇರುವುದಿಲ್ಲ. 20 ಪಿಕ್ಸೆಲ್ ಎತ್ತರದ ಸಾಲಿನಲ್ಲಿ ಒತ್ತಕ್ಷರಕ್ಕೆ ಉಳಿಯುವುದು ಏಳೆಂಟು ಪಿಕ್ಸೆಲ್. ಆದ್ದರಿಂದ ಕನ್ನಡ ಟಿಪ್ಪಣಿಗಳಿಗೆ 3.5 ಮಿ.ಮೀ. ಕನಿಷ್ಠ ಎತ್ತರವನ್ನು ನಿಗದಿಪಡಿಸಿ, ಸಾಲುಗಳ ನಡುವಿನ ಅಂತರವನ್ನೂ ಹೆಚ್ಚಿಸಲಾಯಿತು.

ಓದಿನ ಸಾಲು

ಇಷ್ಟಾದರೂ ಒಂದು ಬಾಗಿಲು ತೆರೆದೇ ಇತ್ತು. ಕಚೇರಿ ಡಾಕ್ಯುಮೆಂಟ್ ಆಗಿ ಕಳಿಸಿದ ಚಿತ್ರವನ್ನು ಯಾರಾದರೂ ಗ್ಯಾಲರಿಯಿಂದ ಮತ್ತೊಬ್ಬರಿಗೆ ಫೋಟೊ ಆಗಿ ದಾಟಿಸಿದರೆ ಅದು ಮತ್ತೆ 1600 ಪಿಕ್ಸೆಲ್‌ಗೆ ಇಳಿಯುತ್ತದೆ. ಎ3 ಹಾಳೆಯಾದ್ದರಿಂದ ಆಗಲೂ ಅಂಕಿಗೆ ಒಂಬತ್ತು ಹತ್ತು ಪಿಕ್ಸೆಲ್ ಉಳಿಯುವುದು ನಿಜ, ಹಿಂದಿಗಿಂತ ಎರಡು ಪಟ್ಟು. ಆದರೆ ಎರಡು ಮೂರು ಕೈ ದಾಟಿದ ಮೇಲೆ ಏನಾಗುವುದೆಂದು ಹೇಳಲಾಗದು. ದಾಟಿಸಬೇಡಿ ಎಂಬ ಸೂಚನೆ ಕೆಲಸದ ಜಾಗದಲ್ಲಿ ನಡೆಯುವುದಿಲ್ಲ. ಪ್ಲಂಬರಿಗೆ, ಬಡಗಿಗೆ, ಕಬ್ಬಿಣ ಕಟ್ಟುವವರಿಗೆ ಅದು ಹೋಗಲೇಬೇಕು.

ಇದಕ್ಕೆ ಕಚೇರಿಯ ಕಿರಿಯ ಎಂಜಿನಿಯರ್ ಒಬ್ಬರು ಸೂಚಿಸಿದ ಉಪಾಯವೇ ಈ ಪ್ರಕರಣದಲ್ಲಿ ನನಗೆ ಅತ್ಯಂತ ಹಿಡಿಸಿದ್ದು. ಪ್ರತಿ ಹಾಳೆಯ ಮೂಲೆಯಲ್ಲಿ, ಆ ಹಾಳೆಯ ಅತಿ ಚಿಕ್ಕ ಅಕ್ಷರದ ಎತ್ತರದಲ್ಲೇ, ಆರು ಅಂಕಿಗಳ ಒಂದು ಸಾಲನ್ನು ಅವರು ಇರಿಸಿದರು. ಅಂಕಿಗಳು ಪರಸ್ಪರ ಮೋಸಮಾಡುವಂಥವು: 3, 8, 6, 5, 0, 9. ಪ್ರತಿ ತಿದ್ದುಪಡಿಗೂ ಅವುಗಳ ಕ್ರಮ ಬದಲಾಗುತ್ತದೆ, ಕಚೇರಿಯ ವಹಿಯಲ್ಲಿ ಅದು ದಾಖಲಾಗಿರುತ್ತದೆ. ಕೆಲಸ ಶುರುಮಾಡುವ ಮೊದಲು ಮೇಸ್ತ್ರಿಯವರು ತಮ್ಮ ಕೈಯಲ್ಲಿರುವ ಚಿತ್ರದ ಆ ಸಾಲನ್ನು ಓದಿ ಧ್ವನಿ ಸಂದೇಶದಲ್ಲಿ ಕಳಿಸಬೇಕು. ಅಂಕಿ ತಪ್ಪಾಗಿ ಬಂದರೆ ಚಿತ್ರ ಓದುವಂತಿಲ್ಲವೆಂದು ಅರ್ಥ, ಮತ್ತೆ ಕಳಿಸುತ್ತಾರೆ. ಅಂಕಿಗಳು ಹಿಂದಿನ ತಿದ್ದುಪಡಿಯ ಕ್ರಮದಲ್ಲಿದ್ದರೆ ಅವರ ಬಳಿ ಇರುವುದು ಹಳೆಯ ನಕ್ಷೆ. ಚಿತ್ರಗಳು ತಾವಾಗಿ ಹೊಸದಾಗುವುದಿಲ್ಲವಾದ್ದರಿಂದ ಈ ಎರಡನೆಯ ಉಪಯೋಗ ಮೊದಲನೆಯದಕ್ಕಿಂತಲೂ ಹೆಚ್ಚಿನ ಬೆಲೆಯುಳ್ಳದ್ದಾಯಿತು.

ಅದೇ ಮೂಲೆಯಲ್ಲಿ ಅಳತೆಯ ಪಟ್ಟಿಯೊಂದನ್ನೂ ಬಿಡಿಸಿದರು. "1:50" ಎಂಬ ಬರಹ ಕಾಗದದ ಮೇಲೆ ನಿಜ, ಪರದೆಯ ಮೇಲೆ ಅದಕ್ಕೆ ಅರ್ಥವಿಲ್ಲ. ಒಂದು ಮೀಟರಿನ ಪಟ್ಟಿಯನ್ನು ಬಿಡಿಸಿಟ್ಟರೆ ಚಿತ್ರ ಹಿಗ್ಗಲಿ ಕುಗ್ಗಲಿ ಪಟ್ಟಿಯೂ ಜೊತೆಗೆ ಹಿಗ್ಗುತ್ತದೆ, ಕುಗ್ಗುತ್ತದೆ.

ಮುಂದೆ ನಡೆದದ್ದು

ಮಳೆಗಾಲ ಪೂರ್ತಿ ಈ ಕ್ರಮದಲ್ಲೇ ಕೆಲಸ ನಡೆಯಿತು. ಅಂಕಿ ತಿಳಿಯದೆ ಅಳತೆ ತಪ್ಪಿದ ದೂರು ಮತ್ತೆ ಬರಲಿಲ್ಲ. ಒಂದು ಜಾಗದಲ್ಲಿ ಬಡಗಿಗಳಿಗೆ ತಲುಪಿದ್ದ ಪ್ರತಿ ಕೈದಾಟಿ ಮಸುಕಾಗಿದ್ದುದನ್ನು ಓದಿನ ಸಾಲು ತೋರಿಸಿಕೊಟ್ಟಿತು, ಮರ ಕೊಯ್ಯುವ ಮೊದಲೇ ಹೊಸ ಪ್ರತಿ ಹೋಯಿತು. ಇನ್ನೊಂದು ಕಡೆ ಹಳೆಯ ತಿದ್ದುಪಡಿಯ ನಕ್ಷೆ ಹಿಡಿದಿದ್ದವರು ಸಿಕ್ಕರು. ಆದರೆ ಈ ಪರಿಶೀಲನೆ ಜನ ಪಾಲಿಸಿದರಷ್ಟೇ ನಡೆಯುವಂಥದ್ದು. ಕೆಲವು ಗುತ್ತಿಗೆದಾರರು ಅದನ್ನು ತಮ್ಮ ಮೇಲಿನ ಅಪನಂಬಿಕೆಯೆಂದು ತಿಳಿದು ಮೊದಮೊದಲು ಬೇಸರಿಸಿದರು. ಮೂರು ಎಂಟಾದ ಆ ಚಿತ್ರವನ್ನು ಹಿಗ್ಗಿಸಿ ಅವರ ಮುಂದಿಟ್ಟಾಗ ಹೆಚ್ಚು ವಿವರಿಸುವ ಅಗತ್ಯ ಬೀಳಲಿಲ್ಲ.

ಜೆಪಿಇಜಿಯನ್ನು ಕಚೇರಿ ಕೈಬಿಟ್ಟಿಲ್ಲ, ಬಿಡಬೇಕಾಗಿಯೂ ಇಲ್ಲ. ಧರೆಯ ಫೋಟೊದ ಮೇಲೆ ತಡೆಗೋಡೆಯ ಗೆರೆ ಎಳೆದು ಮಾಲೀಕರಿಗೆ ತೋರಿಸುವ ಚಿತ್ರಗಳಿಗೆ ಅದೇ ಸರಿ. ಅಂಥ ಚಿತ್ರಗಳಲ್ಲಿ ಅಳತೆಗಳನ್ನು ಬರೆಯುವುದಿಲ್ಲವೆಂಬ ನಿಯಮವನ್ನು ಮಾತ್ರ ಮಾಡಿಕೊಂಡಿದ್ದಾರೆ. ಕಚೇರಿಯ ಸಂಗ್ರಹಕ್ಕೆ ಆಟೋಕ್ಯಾಡ್‌ನ ಮೂಲ ಕಡತವಾದ ಡಿಡಬ್ಲ್ಯೂಜಿ ಮತ್ತು ಪಿಡಿಎಫ್ ಜೊತೆಗೆ ಗ್ರೂಪ್ 4 ಟಿಫ್ ಕಡತಗಳನ್ನೂ ಇಡುತ್ತಿದ್ದಾರೆ.

ಸಂಗ್ರಹದ ಮಾತು ಬಂದಾಗ ಹಳೆಯ ಟ್ರೇಸಿಂಗ್ ಹಾಳೆಗಳನ್ನು ಸ್ಕ್ಯಾನ್ ಮಾಡುವ ಪ್ರಶ್ನೆಯೂ ಎದ್ದಿತು. ಸ್ಕ್ಯಾನರಿನ ತಂತ್ರಾಂಶದಲ್ಲಿ ಜೆಬಿಗ್2 ಎಂಬ ಇನ್ನೂ ಹೆಚ್ಚು ಕುಗ್ಗಿಸುವ ಆಯ್ಕೆಯಿತ್ತು. ಅದರ ನಷ್ಟಸಹಿತ ಬಗೆಯಲ್ಲಿ ಒಂದನ್ನೊಂದು ಹೋಲುವ ಆಕಾರಗಳನ್ನು ಒಂದೇ ಎಂದು ಪರಿಗಣಿಸಿ, ಒಂದರ ಪ್ರತಿಯನ್ನೇ ಎಲ್ಲ ಕಡೆ ಅಂಟಿಸಲಾಗುತ್ತದೆ. 2013ರಲ್ಲಿ ಜರ್ಮನಿಯ ಗಣಕ ವಿಜ್ಞಾನಿ ಡೇವಿಡ್ ಕ್ರೀಸೆಲ್ ಪ್ರಸಿದ್ಧ ಕಂಪನಿಯೊಂದರ ನಕಲು ಯಂತ್ರಗಳಲ್ಲಿ ಇದರ ಪರಿಣಾಮವನ್ನು ಬಯಲಿಗೆ ತಂದರು. ಅವರ ಕೈಗೆ ಸಿಕ್ಕಿದ್ದೂ ಒಂದು ಕಟ್ಟಡದ ನಕ್ಷೆಯೇ. ಅದರಲ್ಲಿ 21.11 ಚದರ ಮೀಟರ್ ಎಂದಿದ್ದ ಕೋಣೆಯ ವಿಸ್ತೀರ್ಣ ಸ್ಕ್ಯಾನ್ ಆದ ಪ್ರತಿಯಲ್ಲಿ 14.13 ಎಂದು, ಯಾವ ಮಸುಕೂ ಇಲ್ಲದೆ ಅಚ್ಚುಕಟ್ಟಾಗಿ ಮೂಡಿತ್ತು. ಜೆಪಿಇಜಿಯ ಮಸುಕು ಓದುವವರಲ್ಲಿ ಸಂದೇಹವನ್ನಾದರೂ ಹುಟ್ಟಿಸುತ್ತದೆ, ಹೊಸನಗರದ ಮೇಸ್ತ್ರಿಯವರು ಕೇಳಿದಂತೆ ಕೇಳುವ ಅವಕಾಶ ಕೊಡುತ್ತದೆ. ಸ್ಪಷ್ಟವಾಗಿ ಮೂಡಿದ ತಪ್ಪು ಅಂಕಿಯನ್ನು ಯಾರೂ ಪ್ರಶ್ನಿಸುವುದಿಲ್ಲ. ಕಚೇರಿಯವರು ಆ ಆಯ್ಕೆಯನ್ನು ತೆಗೆದು, ಹಳೆಯ ಹಾಳೆಗಳನ್ನು 400ರ ಸಾಂದ್ರತೆಯಲ್ಲಿ ಗ್ರೂಪ್ 4 ಆಗಿಯೇ ಸ್ಕ್ಯಾನ್ ಮಾಡಿಸುತ್ತಿದ್ದಾರೆ. ಪ್ರತಿ ಹಾಳೆಯಲ್ಲೂ ಬಿಡಿ ಅಳತೆಗಳ ಮೊತ್ತವನ್ನು ಒಟ್ಟು ಅಳತೆಗೆ ಒಬ್ಬರು ತಾಳೆ ನೋಡಿದ ಮೇಲಷ್ಟೇ ಅದು ಸಂಗ್ರಹಕ್ಕೆ ಸೇರುತ್ತದೆ.